ಒದ್ದೆ ಗೋಣಿಯ ಅಕ್ಕ

ದಿಬ್ಬೂರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ರೇಷ್ಮೆಹುಳು ಸಾಕುತ್ತಿದ್ದರು. ಹುಳುವಿನ ಮನೆಯ ಸೆಕೆಯಾಗಲಿ, ಗಂಡನ ಜೊತೆ ಜಗಳವಾಗಲಿ, ಅವರದು ಒಂದೇ ಮಾತು: "ಬಿಸಿ ಆದ್ರೆ ಸೋತಂಗೇ ಕಣೋ."

ಅವರದು ಕಂಪನಿಯಿಂದ ಬಂದ ಹಾಗೇ ಇದ್ದ ಸಾದಾ ಕಾರು. ಡಿಕ್ಕಿಯಲ್ಲಿ ಹಿಪ್ಪುನೇರಳೆ ಸೊಪ್ಪು, ಅದರ ಮೇಲೆ ಒದ್ದೆ ಗೋಣಿ. ಏಪ್ರಿಲ್ಲಿನ ಒಂದು ಮಧ್ಯಾಹ್ನ ನಾವಿಬ್ಬರೂ ಕೈವಾರದಿಂದ ಸೊಪ್ಪು ತರುತ್ತಿದ್ದಾಗ, ಚಿಂತಾಮಣಿಯ ಹೊರಗೆ ಇನ್ನೂ ಮನೆಗಳೇಳದ ಲೇಔಟಿನ ನೇರ ರಸ್ತೆಯಲ್ಲಿ ಎರಡೆರಡೇ ಕಾರು ಜೋಡಿಯಾಗಿ ಓಡುವ ಡ್ರ್ಯಾಗ್ ರೇಸ್ ನಡೆಯುತ್ತಿತ್ತು. ಅಕ್ಕ ಸೀದಾ ಹೋಗಿ ಹೆಸರು ಕೊಟ್ಟೇಬಿಟ್ಟರು!

ಸಾಲಿನಲ್ಲಿದ್ದವರೆಲ್ಲ ಎ.ಸಿ. ಹಾಕಿಕೊಂಡು ಎಂಜಿನ್ ಗುರುಗುಟ್ಟಿಸುತ್ತಿದ್ದರು. ಅಕ್ಕ ಎಂಜಿನ್ ಆರಿಸಿ, ಸೊಪ್ಪನ್ನು ಹುಣಸೆಮರದ ನೆರಳಿಗೆ ಇಳಿಸಿ, ಅದರ ಗೋಣಿಯನ್ನೇ ತಂದು ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ ಹೊದಿಸಿದರು. ಸಾಲು ಸರಿದಂತೆಲ್ಲ ನಾನು ಕಾರು ತಳ್ಳಿದೆ.

ಸರದಿ ಬಂತು. ಅಕ್ಕ ಗೋಣಿ ಕಿತ್ತು ನನ್ನತ್ತ ಎಸೆದು, ಚಪ್ಪಲಿ ಕಳಚಿ ಬರಿಗಾಲಲ್ಲಿ ಕೂತರು. ಬಾವುಟ ಬಿತ್ತು! ಪಕ್ಕದ ಕೆಂಪು ಕಾರು ಮೊದಲು ಜಿಗಿಯಿತು. ಅರ್ಧ ದಾರಿಗೇ ಅದರ ಕಾದ ಎಂಜಿನ್ನಿಗೆ ಏದುಸಿರು ಬಂತು. ಅಕ್ಕನ ಕಾರು ಮೂತಿಯಷ್ಟೇ ಮುಂದಾಗಿ ಗೆರೆ ದಾಟಿತು. ನಾನು ಗೋಣಿ ಬೀಸುತ್ತಾ ಕುಣಿದೆ.

"ಅಕ್ಕಾ, ಇನ್ನು ಫೈನಲ್ಲು!"

ಅವರು ಆಗಲೇ ಮರದಡಿ ಸೊಪ್ಪಿನೊಳಗೆ ಕೈ ತೂರಿಸಿ ನೋಡುತ್ತಿದ್ದರು.

"ಫೈನಲ್ಲು ಅವರೇ ಇಟ್ಕೊಳ್ಳಲಿ. ಸೊಪ್ಪು ಬಿಸಿ ಆದ್ರೆ ಸೋತಂಗೇ ಕಣೋ. ಗೋಣಿ ನೆನೆಸ್ಕೊಂಡು ಬಾ, ಕಾರು ಹತ್ತು!"

ದಿಬ್ಬೂರಹಳ್ಳಿ ಮುಟ್ಟುವವರೆಗೆ ಒಂದು ಗಾಡಿಯೂ ನಮ್ಮನ್ನು ಹಿಂದೆ ಹಾಕಲಿಲ್ಲ.