ಬೆರಳಿಗೆ ಸಿಗದ ಅಕ್ಷರ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಇಸ್ತ್ರಿ ಅಕ್ಕ ಎಂದೇ. ಇಪ್ಪತ್ತೆಂಟು ವರ್ಷ ಹಬೆಯಾಡುವ ಮೇಜಿನ ಮುಂದೆ ನಿಂತು ಹಾಸಿಗೆಯ ಚಾದರ, ಡಾಕ್ಟರರ ಬಿಳಿ ಕೋಟು ಇಸ್ತ್ರಿ ಮಾಡಿದವಳು. ಬಿಸಿ ಬಟ್ಟೆ ಮಡಚಿ ಮಡಚಿ ಬೆರಳ ತುದಿಗಳು ಚಕ್ಕಳದಂತಾಗಿದ್ದವು. ಗಂಟಲು ಮಾತ್ರ ಕಂಚಿನದು. ಅವಳು ಬಾಯಿ ತೆರೆದರೆ ಒಗೆಯುವ ಯಂತ್ರಗಳೂ ಸುಮ್ಮನಾದಂತೆ ಅನ್ನಿಸುತ್ತಿತ್ತು. ಗಂಡ ತೀರಿಕೊಂಡ ಮೇಲೂ ಯಾರ ಹಂಗಿಗೂ ಬೀಳದೆ, ಒಂದೇ ಕೋಣೆಯ ಮನೆಯಲ್ಲಿ ತನ್ನ ಪಾಡಿಗೆ ತಾನಿದ್ದಳು.

ಐವತ್ತೆರಡನೆಯ ವಯಸ್ಸಿನಲ್ಲಿ ಆ ಗಂಟಲಿಗೇ ಗಡ್ಡೆ ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಬೇರೆ ದಾರಿಯಿರಲಿಲ್ಲ. ತಂಗಿ ಬಂದು ಹತ್ತು ದಿನ ಜೊತೆಗಿದ್ದಳು. ಹೊರಡುವಾಗ ಹೊಸ ಫೋನೊಂದನ್ನು ಕೈಗಿಟ್ಟಳು.

"ಇನ್ಮೇಲೆ ಇದೇ ನಿನ್ನ ಬಾಯಿ ಅಕ್ಕಾ. ಏನಿದ್ರೂ ಬರೆದು ಕಳ್ಸು. ಬಸ್ಸಲ್ಲಿ ಮೂರೇ ಗಂಟೆ, ಓಡಿ ಬರ್ತೀನಿ."

ಆದರೆ ಆ ಗಾಜಿಗೆ ಅವಳ ಬೆರಳಿನ ಗುರುತೇ ಹತ್ತಲಿಲ್ಲ. ಒಣಗಿದ ಚರ್ಮದಿಂದ ಮುಟ್ಟಿದರೆ ಏನೂ ಮೂಡದು. ಜೋರಾಗಿ ಒತ್ತಿದರೆ ಪಕ್ಕದ ಅಕ್ಷರ ಬಂದು ಕೂರುವುದು. ಹಳೆಯ ಬಟನ್ ಫೋನಿನಲ್ಲಾದರೆ ಉಬ್ಬು ತಗ್ಗು ಕೈಗೆ ತಿಳಿಯುತ್ತಿತ್ತು. ಇಲ್ಲಿ ಎಲ್ಲವೂ ನುಣ್ಣಗೆ, ಎಲ್ಲವೂ ಒಂದೇ ಸಮ. ಸಾಲದ್ದಕ್ಕೆ ಅಕ್ಷರಗಳ ಮೇಲ್ಗಡೆ ಫೋನು ತಾನೇ ಊಹಿಸಿ ಮೂರು ಪದ ಸಾಲಾಗಿ ಇಡುತ್ತಿತ್ತು; ಬೆರಳು ತಗುಲಿದರೆ ಸಾಕು, ಅದೇ ಪದ ಬರಹಕ್ಕೆ ಸೇರಿಬಿಡುತ್ತಿತ್ತು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಅವಳ ಹಣೆಯಲ್ಲಿ ಬೆವರು. ಎಷ್ಟೋ ಮಾತನ್ನು ಬರೆಯದೆಯೇ ನುಂಗಿಕೊಂಡಳು.

ಕಾಯಿಲೆ ಹರಡಿದೆಯೋ ಇಲ್ಲವೋ ಎಂಬ ವರದಿ ಬರುವ ಹಿಂದಿನ ದಿನ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ. ಬ್ಯಾಂಡೇಜು ಬದಲಿಸಲು ಕಾಯುತ್ತಾ ಬೆಂಚಿನ ಮೇಲೆ ಕುಳಿತು, ನಾಳೆ ಜೊತೆಗಿರಲು ಬಾ ಎಂದು ತಂಗಿಗೆ ಬರೆಯತೊಡಗಿದಳು. ಕೊನೆಯ ಪದದಲ್ಲಿದ್ದಾಗ ನರ್ಸ್ ಕರೆದಳು. ಅವಸರದಲ್ಲಿ ಕಳಿಸಿ, ಫೋನನ್ನು ಚೀಲಕ್ಕೆ ಹಾಕಿ ಒಳಗೆ ಹೋದಳು.

ಮರುದಿನ ತಂಗಿ ಬರಲಿಲ್ಲ. ಆಸ್ಪತ್ರೆಯ ಬಾಗಿಲು ಸದ್ದಾದಾಗಲೆಲ್ಲ ಇವಳ ಕತ್ತು ಅತ್ತ ತಿರುಗುತ್ತಿತ್ತು. ಹನ್ನೆರಡು ಗಂಟೆಗೆ ಡಾಕ್ಟರು, "ಹರಡಿಲ್ಲಮ್ಮಾ, ಧೈರ್ಯವಾಗಿರಿ," ಎಂದರು. ತಲೆಯಾಡಿಸಿ ಹೊರಬಂದಳು. ಹೊರಗಿನ ಬೆಂಚಿನ ಮೇಲೆ ಕುಳಿತು ಪಕ್ಕದ ಖಾಲಿ ಜಾಗ ನೋಡಿದಳು. ಒಡಹುಟ್ಟಿದವಳಿಗೇ ಬೇಡವಾದೆನೇ?

ಮನೆಗೆ ಬಂದು 'ಹರಡಿಲ್ಲ' ಎಂದಷ್ಟೇ ಬರೆದಳು. ಸಂಜೆ ಉತ್ತರ ಬಂತು: "ಸದ್ಯ, ದೇವ್ರು ದೊಡ್ಡವನು. ಆದ್ರೆ ಬರ್ಬೇಡ ಅಂತ ಯಾಕಂದೆ ಅಕ್ಕಾ? ದಿನವಿಡೀ ಅತ್ತಿದೀನಿ."

ಅವಳು ಹಿಂದಿನ ಸಂದೇಶ ತೆರೆದು ನೋಡಿದಳು. 'ನಾಳೆ ನೀನು ಬರಬೇಡ.'

ಬರೆದು ವಿವರಿಸುವ ತ್ರಾಣ ಅವಳಲ್ಲಿರಲಿಲ್ಲ. ಬೆಳಿಗ್ಗೆಯ ಮೊದಲ ಬಸ್ಸು ಹತ್ತಿ ತಂಗಿಯ ಮನೆಯ ಬಾಗಿಲು ತಟ್ಟಿದಳು. ತಂಗಿ ಮುಖ ಗಂಟಿಕ್ಕಿಕೊಂಡೇ ಒಳಗೆ ಕರೆದಳು. "ಬಿಡು ಅಕ್ಕಾ. ನಿನಗೆ ಮೊದಲಿಂದ್ಲೂ ಯಾರೂ ಬೇಡ."

ಇಸ್ತ್ರಿ ಅಕ್ಕ ಅವಳ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಫೋನು ಇಬ್ಬರ ನಡುವೆ ಇಟ್ಟು, ಅದೇ ವಾಕ್ಯವನ್ನು ಮತ್ತೆ ಬರೆಯತೊಡಗಿದಳು. 'ಬ' ಮೂಡಲಿಲ್ಲ. ಮತ್ತೆ ಒತ್ತಿದಳು. 'ಬರಬೇ' ಎನ್ನುವಷ್ಟರಲ್ಲಿ ಮೇಲಿನ ಸಾಲಿನಲ್ಲಿ 'ಬರಬೇಡ' ಬಂದು ನಿಂತಿತು. 'ಕ' ಹುಡುಕುತ್ತಿದ್ದ ಹೆಬ್ಬೆರಳು ಅದಕ್ಕೆ ತಗುಲಿತು. ಅಳಿಸಿದಳು. ಎರಡನೆಯ ಸಲವೂ ಅದೇ. ತಂಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾಲ್ಕನೆಯ ಸಲ 'ಬರಬೇಕು' ಎಂದಾಯಿತು.

"ಅಯ್ಯೋ ಅಕ್ಕಾ," ಎಂದು ತಂಗಿ ಆ ಒರಟು ಬೆರಳುಗಳನ್ನು ಕೆನ್ನೆಗೊತ್ತಿಕೊಂಡಳು. "ಇಷ್ಟು ಒದ್ದಾಡ್ತಿದ್ಯಾ? ಫೋನ್ ಕೊಟ್ಟು ನನ್ನ ಕೆಲಸ ಮುಗೀತು ಅಂದ್ಕೊಂಡ್ಬಿಟ್ಟೆ ನಾನು."

ಆ ಮಧ್ಯಾಹ್ನವೆಲ್ಲ ತಂಗಿ ಫೋನಿನ ಹಿಂದೆ ಬಿದ್ದಳು. ಊಹೆಯ ಸಾಲು ತೆಗೆದುಹಾಕಿದಳು, ಅಕ್ಷರಗಳನ್ನು ದೊಡ್ಡದು ಮಾಡಿದಳು, ಒತ್ತಿದಾಗ ಫೋನು ಸಣ್ಣಗೆ ನಡುಗುವಂತೆ ಮಾಡಿದಳು. ಅಂಗಡಿಗೆ ಹೋಗಿ, ಬೆರಳಿನ ಬದಲು ಒತ್ತಲು ರಬ್ಬರು ತುದಿಯ ಕಡ್ಡಿಯೊಂದನ್ನು ತಂದಳು. ಎಲ್ಲ ಸರಿಹೋಯಿತೆಂದಲ್ಲ, ಆದರೆ ತಪ್ಪುಗಳು ಅರ್ಧಕ್ಕಿಳಿದವು.

ಎರಡು ತಿಂಗಳ ಮೇಲೆ ಅವಳು ಲಾಂಡ್ರಿಗೆ ಮರಳಿದಳು. ಹಬೆ ಉಸಿರಿಗೆ ಆಗದೆಂದು ಬಟ್ಟೆ ಮಡಚುವ ಮೇಜಿನ ಕೆಲಸ ಕೊಟ್ಟರು. ಮೊದಮೊದಲು ಜೊತೆಗಾತಿಯರು ಅವಳು ಬರೆಯುವಾಗ ಇಣುಕಿ, "ಚಾದರ ಬೇಕಾ? ಊಟಕ್ಕಾ?" ಎಂದು ತಾವೇ ಮುಗಿಸಲು ನೋಡುತ್ತಿದ್ದರು. ಅವಳು ಎಡಗೈ ಎತ್ತಿ ತಡೆಯುತ್ತಿದ್ದಳು. ಬರಬರುತ್ತಾ ಅವರಿಗೂ ರೂಢಿಯಾಯಿತು. ಅವಳು ಕಡ್ಡಿ ಕೈಗೆತ್ತಿಕೊಂಡರೆ ಮಡಚುವುದನ್ನು ನಿಲ್ಲಿಸಿ, ಕೊನೆಯ ಅಕ್ಷರದವರೆಗೂ ಕಾಯುತ್ತಿದ್ದರು.