ಗಾಜಿನಾಚೆಯ ಎಣ್ಣೆ ಅಕ್ಕ

ಹೊರಗೆ ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಗಾಜಿನ ಕೋಣೆಯಲ್ಲಿ ಆಗಲೇ ಹಗಲು. ಕಣ್ಣೆರಡನ್ನು ಬಿಟ್ಟು ಮೈಯೆಲ್ಲ ಮುಚ್ಚಿಕೊಂಡ ಹೆಂಗಸೊಬ್ಬರು ಪುಟ್ಟ ಸೀಸೆಯೊಂದನ್ನು ದೀಪದೆದುರು ಎತ್ತಿ ಹಿಡಿದಿದ್ದಾರೆ. ಕುಲುಕುವುದಿಲ್ಲ, ನಿದ್ದೆಯಲ್ಲಿರುವ ಕೂಸಿನ ಮಗ್ಗುಲು ಬದಲಿಸಿದ ಹಾಗೆ ಮೆಲ್ಲಗೆ ತಲೆಕೆಳಗು ಮಾಡುತ್ತಾರೆ. ಒಳಗೆ ಹಾಲಿನಂಥದ್ದೇನೋ ಹೊರಳುತ್ತದೆ. ಗಾಳಿ ಸೋಸುವ ಯಂತ್ರ ಒಂದೇ ಸಮ ಗುಂಯ್‌ಗುಡುತ್ತದೆ. ಕೇಳುತ್ತ ನಿಂತವರಿಗೆ ನೀರಿನಡಿಯಲ್ಲಿ ಇದ್ದಂತೆ ಭಾಸವಾಗುತ್ತದೆ.

ಅದು ಹಾಲಲ್ಲ, ಮೀನೆಣ್ಣೆ. ಕಣ್ಣಿಗೆ ಕಾಣದ ಹನಿಗಳಾಗಿ ನೀರಿನಲ್ಲಿ ಬೆರೆತಿರುವುದರಿಂದ ಬೆಳ್ಳಗಿದೆ. ಅದನ್ನು ಸಿರಿಂಜಿಗೆ ತುಂಬಿ, ಬೆಳಕು ತಾಗದಂತೆ ಹೊದಿಕೆ ಸುತ್ತಿ, ಗೋಡೆಯ ಕಿಂಡಿಯಲ್ಲಿ ಇಡುವುದು ಇವರ ಕೆಲಸ. ಮೇಲಿನ ವಾರ್ಡಿನಲ್ಲಿ ಅದು ಮಕ್ಕಳ ರಕ್ತನಾಳಕ್ಕೆ ನಿಧಾನವಾಗಿ ಇಳಿಯುತ್ತದೆ. ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ‘ಎಣ್ಣೆ ಅಕ್ಕ’ ಎಂದು.

ವಾರ್ಡಿನ ಮೂಲೆಯ ಹಾಸಿಗೆಯಲ್ಲೊಂದು ಗಂಡುಮಗುವಿದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದರ ಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ಬಾಯಿಗೆ ಕೊಟ್ಟದ್ದು ಮೈಗೆ ಹತ್ತುವುದಿಲ್ಲ. ಸಕ್ಕರೆ, ಪ್ರೋಟೀನು, ಕೊಬ್ಬು ಎಲ್ಲವೂ ರಕ್ತನಾಳದ ಮೂಲಕವೇ ಹೋಗಬೇಕು. ಮಗುವನ್ನು ಉಳಿಸುವುದು ಇದೇ ಊಟ. ಬಹಳ ಕಾಲ ನಡೆದರೆ ಅದರ ಲಿವರನ್ನು ದಣಿಸುವುದೂ ಇದೇ. ಪಿತ್ತ ಕಟ್ಟಿಕೊಂಡು ಮೈ ಹಳದಿಯಾಗುತ್ತದೆ. ಅಂಥ ಮಕ್ಕಳಿಗೆ ವೈದ್ಯರು ಸೋಯಾ ಎಣ್ಣೆಯ ಬದಲು ಮೀನೆಣ್ಣೆ ಬರೆದುಕೊಡುತ್ತಾರೆ. ಹಲವರ ಹಳದಿ ಇಳಿಯುತ್ತದೆ, ಎಲ್ಲರದ್ದೂ ಅಲ್ಲ.

“ಅದನ್ನೂ ಬರೀರಿ,” ಎನ್ನುತ್ತಾರೆ ಎಣ್ಣೆ ಅಕ್ಕ, ಗಾಜಿನ ಈಚೆ ಬರೆದುಕೊಳ್ಳುತ್ತ ನಿಂತ ನನಗೆ. “ಎಣ್ಣೆ ಹಾಕಿದ್ರೆ ಆಯ್ತು ಅಂತ ಯಾರಾದ್ರೂ ಅಂದ್ಕೊಂಡ್ಬಿಟ್ರೆ ಕಷ್ಟ.”

ಇವರು ಮೊದಲು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಂಗೈಯಗಲದ ಅಂಗಿಗಳನ್ನು ಮಡಚುತ್ತಿದ್ದವರು. ಸಂಜೆ ಕಾಲೇಜಿಗೆ ಹೋಗಿ ಔಷಧ ತಯಾರಿಕೆ ಕಲಿತರು. “ಪುಸ್ತಕ ತೆಗೆದ್ರೆ ತೂಕಡಿಕೆ. ಮೇಷ್ಟ್ರು ಕೇಳಿದ್ದೊಂದು, ನಾನು ಹೇಳಿದ್ದೊಂದು. ಹೇಗೆ ಪಾಸಾದೆ ಅಂತ ಈಗಲೂ ಅನುಮಾನ,” ಎಂದು ನಗುತ್ತಾರೆ. ಈ ಉಡುಪು ತೊಟ್ಟ ಮೇಲೆ ನೀರು ಕುಡಿಯುವಂತಿಲ್ಲ, ಮೂಗು ಮುಟ್ಟುವಂತಿಲ್ಲ. ಮುಟ್ಟಿದರೆ ಹೊರಗೆ ಬಂದು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. “ಮೂಗಿಗೂ ಗೊತ್ತಾಗುತ್ತೆ ನೋಡಿ. ಗ್ಲೌಸ್ ಹಾಕೋದೇ ತಡ, ತುರಿಕೆ!”

ಮನೆಯಲ್ಲೂ ಅಭ್ಯಾಸ ಬಿಟ್ಟಿಲ್ಲ. ಹಾಲಿನ ಪ್ಯಾಕೆಟ್ಟನ್ನು ಕಿಟಕಿಗೆ ಹಿಡಿದು ನೋಡುತ್ತ ನಿಂತರೆ ಅತ್ತೆ ಸುಮ್ಮನಿರುವುದಿಲ್ಲ. “ಅದೇನು ತಪ್ಪು ಮಾಡಿದೆ ಅಂತ ವಿಚಾರಣೆ ಮಾಡ್ತೀಯ? ದಿನಾ ಮೀನೆಣ್ಣೆ, ಮೀನೆಣ್ಣೆ ಅಂತೀಯ, ಒಂದು ಬೆಕ್ಕಾದ್ರೂ ನಿನ್ನ ಹಿಂದೆ ಬರಬಾರದಾ!”

ಬೆಕ್ಕು ಬರುವುದಿಲ್ಲ, ಕನಸಿಗೆ ಮೀನು ಬರುತ್ತವೆ. ಸಾಲಾಗಿ ನೆಲಮಾಳಿಗೆಯ ಮೆಟ್ಟಿಲು ಹತ್ತಿ, ಸದ್ದಿಲ್ಲದೆ ಮೂಲೆಯ ಹಾಸಿಗೆಯತ್ತ ಈಜುತ್ತವೆ. “ನರ್ಸಮ್ಮ ಕೈ ತೊಳ್ಕೊಂಡು ಬನ್ನಿ ಅಂತ ಮೀನುಗಳಿಗೂ ಗದರಿಸ್ತಿರ್ತಾರೆ. ಮಗುವಿನ ಮುಖ ಮಾತ್ರ ಕಾಣಲ್ಲ. ನಾನು ನೋಡೇ ಇಲ್ವಲ್ಲ.”

ಮುಖ ನೋಡದ ಮಗುವಿನ ತಾಯಿಯನ್ನು ಒಮ್ಮೆ ನೋಯಿಸಿದ್ದಾರೆ. ಲಿಫ್ಟಿನಲ್ಲಿ ಸಿಕ್ಕಾಗ, ಯಾರದೇ ಮಗುವಿನ ಬಗ್ಗೆ ಕೇಳುವಂತೆ, “ಚಿನ್ನ ಹೇಗಿದ್ದಾನಮ್ಮ?” ಎಂದುಬಿಟ್ಟರು. ತಾಯಿಯ ಮುಖ ಕಪ್ಪಿಟ್ಟಿತು. “ಚಿನ್ನ ಅನ್ಬೇಡಿ ಅಕ್ಕ. ಅವನ ಬಣ್ಣ ನೋಡಿ ಆಡ್ಕೊಂಡ ಹಾಗಿರುತ್ತೆ. ನಾನೇ ಹಾಗೆ ಕರೆಯೋದು ಬಿಟ್ಟಿದ್ದೀನಿ.” ಅಂದಿನಿಂದ ಆ ವಾರ್ಡಿನಲ್ಲಿ ಯಾರೂ ಯಾವ ಮಗುವನ್ನೂ ಹಾಗೆ ಕರೆಯುವುದಿಲ್ಲ.

ಇನ್ನೊಂದು ಬೆಳಿಗ್ಗೆ ಸೀಸೆಯ ಕತ್ತಿನ ಹತ್ತಿರ ಕೂದಲೆಳೆಯಂಥ ಮಿರುಗು ಕಂಡಿತು. ಎಣ್ಣೆ ಬೇರ್ಪಟ್ಟರೆ ಇವರು ಹಾಲಿಗೆ ಹೇಳುವಂತೆ ‘ಒಡೆದಿದೆ’ ಎನ್ನುತ್ತಾರೆ. ಒಡೆದ ಎಣ್ಣೆ ಎಳೆಯ ಮೈಗೆ ಅಪಾಯ. ಅದನ್ನು ಪಕ್ಕಕ್ಕಿಟ್ಟು ದಾಸ್ತಾನು ಕೋಣೆಯಿಂದ ಬೇರೆ ಸೀಸೆಗೆ ಹೇಳಿಕಳಿಸಿದರು. ಕಾದು ಕಾದು ತಾಯಿ ಕಿಂಡಿಯ ಬಳಿಗೇ ಇಳಿದು ಬಂದಳು.

“ಎಲ್ಲ ಬೆಳ್ಳಗೇ ಇದೆಯಲ್ಲ, ಅಷ್ಟು ಹೊತ್ತು ಏನು ನೋಡ್ತೀರಿ?”

“ಒಡೆದಿದೆಯೇನೋ ಅನ್ನಿಸ್ತಮ್ಮ.”

“ಅನ್ನಿಸ್ತಾ? ಗೊತ್ತಿಲ್ವಾ?”

“ಗೊತ್ತಿಲ್ಲ. ಗೊತ್ತಿಲ್ಲದೇ ಇರೋದನ್ನ ಮಗುಗೆ ಕಳಿಸಲ್ಲ.”

ತಾಯಿ ಗಾಜಿಗೆ ಹಣೆಯಿಟ್ಟಳು. ಆಮೇಲೆ, “ಹಾಗಾದ್ರೆ ನಿಧಾನಕ್ಕೇ ನೋಡಿ,” ಎಂದು ಮೆಟ್ಟಿಲು ಹತ್ತಿದಳು. ಅಂದು ಕಂಡದ್ದು ಎಣ್ಣೆಯೋ ದೀಪದ ನೆರಳೋ, ಎಣ್ಣೆ ಅಕ್ಕನಿಗೆ ಇಂದಿಗೂ ತೀರ್ಮಾನವಾಗಿಲ್ಲ. ಕೆಲವೊಮ್ಮೆ ಒಲೆಯ ಮುಂದೆ ನಿಂತಾಗ ಅದೇ ಯೋಚನೆ.

ಈಗ ಮಗುವಿನ ಕಣ್ಣಿನ ಬಿಳುಪು ಬಿಳುಪಾಗುತ್ತಿದೆಯಂತೆ. ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತಿದೆಯೆಂದು ವೈದ್ಯರು ತಿಳಿಸಿದ್ದಾರೆ. ಕರುಳು ಬಲಿಯಲು ಇನ್ನೂ ಕಾಯಬೇಕು. ನಿಮ್ಮ ಆಸೆಯೇನು ಎಂದರೆ ಎಣ್ಣೆ ಅಕ್ಕ ಸಿರಿಂಜಿಗೆ ಹೊದಿಕೆ ಸುತ್ತುತ್ತಲೇ ಹೇಳುತ್ತಾರೆ: “ಅವನು ಬಾಯಿ ತುಂಬ ಹಾಲು ಕುಡೀಲಿ. ಕುಡಿದು, ನರ್ಸಮ್ಮನ ಮೇಲೆ ಕಕ್ಕಲಿ. ನನ್ನ ಎಣ್ಣೆ ಯಾರಿಗೆ ಬೇಕು ಆಮೇಲೆ?”

ಅಷ್ಟರಲ್ಲಿ ಗೋಡೆಯ ಮೇಲಿನ ಫೋನು ಗುರುಗುಟ್ಟುತ್ತದೆ. ಮೊಣಕೈಯಿಂದ ಗುಂಡಿ ಒತ್ತಿದರೆ ವಾರ್ಡಿನಿಂದ ತಾಯಿಯ ದನಿ, ಹಿಂದೆ ಸಣ್ಣದೊಂದು ಅಳು.

“ಅಕ್ಕಾ, ಆಯ್ತಾ? ಇಲ್ಲಿ ಚಿನ್ನ ಆಗಲೇ ಎದ್ದುಬಿಟ್ಟಿದ್ದಾನೆ.”

ಎಣ್ಣೆ ಅಕ್ಕ ಗುಂಡಿಯಿಂದ ಮೊಣಕೈ ತೆಗೆಯುತ್ತಾರೆ. ಮುಖಗವುಸಿನ ಮೇಲಿನ ಎರಡು ಕಣ್ಣುಗಳು ಗಾಜಿನ ಈಚೆಗೆ ತಿರುಗುತ್ತವೆ.

“ಕೇಳಿಸ್ತಾ?” ಎನ್ನುತ್ತಾರೆ ಮೆಲ್ಲಗೆ. “ಮತ್ತೆ ಹಾಗೆ ಕರೆದ್ಬಿಟ್ರು.”

ಕಣ್ಣೊರೆಸಿಕೊಳ್ಳುವಂತಿಲ್ಲ. ಒರೆಸಿದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೇಲೆ ಮಗು ಕಾಯುತ್ತಿದೆ.