ಮನೆಯ ಮೇಲೊಂದು ಕಣ

ಬಣಕಲ್ ಹತ್ತಿರದ ನಮ್ಮ ಮನೆಯ ಹೆಂಚು ಇಳಿಸಿ ತಾರಸಿ ಹಾಕಿಸಿದ್ದು ಕಾಫಿಗೆ ಬೆಲೆ ಬಂದ ಕಾಲದಲ್ಲಿ. ತೊಂಬತ್ತರ ದಶಕದ ನಡುವಿನ ಆ ಎರಡು ಮೂರು ವರ್ಷ ನಮ್ಮ ಕಡೆ ಕೈಯಲ್ಲಿ ದುಡ್ಡು ಓಡಾಡಿದವರನ್ನು ಎರಡು ಗುಂಪು ಮಾಡಬಹುದು: ಜೀಪು ಕೊಂಡವರು ಮತ್ತು ಹೆಂಚು ಇಳಿಸಿದವರು. ಜೀಪು ಕೊಂಡವರು ಬುದ್ಧಿವಂತರು, ಅದನ್ನು ಆಮೇಲೆ ಮಾರಬಹುದಿತ್ತು. ನಾವು ಎರಡನೆಯ ಗುಂಪಿನವರು.

ಹೆಂಚಿನ ಮನೆಯವರು ಹಿಂದುಳಿದವರು, ತಾರಸಿ ಮನೆಯವರು ಮುಂದೆ ಬಂದವರು ಎಂಬ ನಂಬಿಕೆ ಊರಿಗೆ ಹೇಗೆ ಬಂತೋ ಗೊತ್ತಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಹೊಯ್ಯುವ ಕಡೆ ಚಪ್ಪಟೆ ಸೂರು ಹಾಕಿಕೊಳ್ಳುವುದು ಕೊಡೆಯನ್ನು ಮಗುಚಿ ಹಿಡಿದುಕೊಂಡು ನಡೆದ ಹಾಗೆ. ಈ ಮಾತನ್ನು ನಾನು ಆಗಲೇ, ಅಪ್ಪನ ಎದುರಿಗೇ ಹೇಳಿದ್ದೆ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅದು ಆಮೇಲೆ ಹೊಳೆದದ್ದೂ ಇರಬಹುದು. ನನ್ನ ಒಳ್ಳೆಯ ಮಾತುಗಳೆಲ್ಲ ತಡವಾಗಿಯೇ ಹೊಳೆದಿವೆ.

ಕೆಲಸ ಒಪ್ಪಿಸಿದ್ದು ಬಾಳೂರು ಕಡೆಯ ಒಬ್ಬ ಮೇಸ್ತ್ರಿಗೆ. ಸುತ್ತಲಿನ ಎಸ್ಟೇಟುಗಳಿಗೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಹಾಕಿಕೊಟ್ಟು ಹೆಸರು ಮಾಡಿದವನು ಅವನು. ಅವನ ಕಣದಲ್ಲಿ ಒಂದು ಬಿರುಕು ತೋರಿಸಿ ನೋಡೋಣ ಎಂದು ಸಾಹುಕಾರರೇ ಪಂಥ ಕಟ್ಟುತ್ತಿದ್ದರು. ಅವನು ಅಲ್ಲಿಯವರೆಗೆ ಮಾಡಿದ್ದೆಲ್ಲ ನೆಲದ ಮೇಲಿನ ಕೆಲಸ ಎನ್ನುವುದು ಯಾರ ತಲೆಗೂ ಬರಲಿಲ್ಲ. ಅಪ್ಪನಿಗೆ ತಾರಸಿಯ ಮೇಲೆ ಕಾಫಿ ಒಣಗಿಸುವ ಯೋಚನೆಯೂ ಇತ್ತು. ಹಾಗಾಗಿ ಮೇಸ್ತ್ರಿ ತನಗೆ ಗೊತ್ತಿದ್ದನ್ನೇ ಮಾಡಿದ. ನಮ್ಮ ಗೋಡೆಗಳ ಮೇಲೆ ಒಂದು ಸೊಗಸಾದ ಕಣ ಕಟ್ಟಿಕೊಟ್ಟ.

ರಸಮಟ್ಟ ಇಟ್ಟರೆ ಗುಳ್ಳೆ ನಡುವಿನಿಂದ ಆಚೀಚೆ ಅಲುಗುತ್ತಿರಲಿಲ್ಲ, ಅಷ್ಟು ಮಟ್ಟ. ಒಂದು ಬೀಜವೂ ಕೆಳಗೆ ಉದುರದಂತೆ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ನೀರು ಹೋಗಲು ಮೂಲೆಯಲ್ಲಿ ಒಂದೇ ಒಂದು ಪೈಪು. ಆ ಪೈಪಿನ ಬಾಯಿಗೂ ಬೀಜ ನುಗ್ಗಬಾರದೆಂದು ಅದನ್ನು ನೆಲಕ್ಕಿಂತ ಎರಡು ಬೆರಳು ಮೇಲೆ ಕೂರಿಸಿದ್ದ. ಅಂದರೆ ಮಳೆಗಾಲ ಪೂರ್ತಿ ನಮ್ಮ ತಲೆಯ ಮೇಲೆ ಎರಡು ಬೆರಳು ನೀರು ನಿಂತಿರಲೇಬೇಕು ಎಂದು ಕಟ್ಟುವಾಗಲೇ ಏರ್ಪಾಡಾಗಿತ್ತು.

ಮೊದಲ ವರ್ಷ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಅದ್ಭುತವಾಗಿ ಒಣಗಿತು. ಅಪ್ಪ ನೆಂಟರನ್ನು ಏಣಿ ಹತ್ತಿಸಿ ತೋರಿಸಿದರು. ಮಳೆ ಬಂದ ಮೇಲೆ ಯಾರನ್ನೂ ಹತ್ತಿಸಲಿಲ್ಲ, ತಾವೊಬ್ಬರೇ ಹತ್ತಿದರು. ಒಂದು ವರ್ಷ ಡಾಂಬರು ಬಳಿಸಿದರು. ಮರುವರ್ಷ ಪ್ಲಾಸ್ಟಿಕ್ ಹೊದಿಸಿದರು. ಅದರ ಮುಂದಿನ ವರ್ಷ ಮೂಡಿಗೆರೆಯ ಅಂಗಡಿಯವನು ಕೊಟ್ಟ ಬಿಳಿ ಪುಡಿಯನ್ನು ಸಿಮೆಂಟಿಗೆ ಕಲಸಿ ಮೆತ್ತಿಸಿದರು. ಒಳಗೆ ಸೂರಿನಲ್ಲಿ ಕಂದು ಕಲೆಗಳು ಮೂಡಿ ಜಿಲ್ಲೆಯ ನಕ್ಷೆಯ ಹಾಗೆ ಹರಡುತ್ತಿದ್ದರೂ ಅಪ್ಪನ ಪ್ರಕಾರ ಅದು ಸೋರಿಕೆ ಅಲ್ಲ, ಬರೀ ಥಂಡಿ.

ಇಳಿಸಿದ ಹೆಂಚುಗಳನ್ನು ಪಕ್ಕದ ಮನೆಯವರಿಗೆ ಪುಕ್ಕಟೆ ಕೊಟ್ಟಿದ್ದೆವು. ಅವರು ಅದನ್ನು ಕೊಟ್ಟಿಗೆಗೆ ಹೊದಿಸಿದರು. ಅಷ್ಟು ವರ್ಷ ನಮ್ಮ ನೆರೆಯಲ್ಲಿ ಒಣಗಿದ ಜಾಗದಲ್ಲಿ ಮಲಗಿದವೆಂದರೆ ಆ ಮನೆಯ ಎಮ್ಮೆಗಳು ಮಾತ್ರ.

ಈ ಕತೆ ನನಗೆ ಬಹಳ ಉಪಯೋಗಕ್ಕೆ ಬಂತು. ಎಂ.ಎ. ಮುಗಿಸಿ ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನದ ಹೊತ್ತು ಅಪ್ಪನ ತಾರಸಿಯ ಕತೆ ಹೇಳಿದರೆ ಗಣಿತದವರೂ ನಗುತ್ತಿದ್ದರು. ನಮ್ಮಪ್ಪ ಕಾಫಿ ಮಾರಿ ಕೆರೆ ಕಟ್ಟಿಸಿದರು ಎಂದು ಶುರು ಮಾಡುತ್ತಿದ್ದೆ. ಕಂಡದ್ದನ್ನು ನಂಬಬೇಡಿ, ಪ್ರಶ್ನೆ ಮಾಡಿ ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದ ನಾನು ಆ ಕತೆಯನ್ನು ಮಾತ್ರ ಪ್ರಶ್ನೆ ಮಾಡಿರಲಿಲ್ಲ. ನಗು ಬರುವ ಕತೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ?

ತಾರಸಿಗೆ ಹತ್ತು ವರ್ಷವಾಗುವ ಹೊತ್ತಿಗೆ, ಒಂದು ಬೇಸಿಗೆಯ ಮಧ್ಯಾಹ್ನ, ಅಪ್ಪ ಊಟ ಮುಗಿಸಿ ಕೈ ತೊಳೆಯಲು ಎದ್ದ ಮೇಲೆ ಅವರ ಮಣೆಯ ಮೇಲೆ ತೆಂಗಿನಕಾಯಿ ಗಾತ್ರದ ಕಾಂಕ್ರೀಟಿನ ಹೆಂಟೆ ಬಿತ್ತು. ಚಿಕ್ಕಮಗಳೂರಿನಿಂದ ನಾನೇ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಹೋದೆ. ಆತ ಸಣ್ಣ ಸುತ್ತಿಗೆಯಿಂದ ಕೋಣೆ ಕೋಣೆಯ ಸೂರನ್ನು ಕುಟ್ಟಿ, ಕಿವಿಗೊಟ್ಟು ಕೇಳಿ, ಒಳಗೆ ಕಂಬಿಯೆಲ್ಲ ತುಕ್ಕು ಹಿಡಿದಿದೆ, ತೇಪೆ ಹಾಕುವ ಹಾಗಿಲ್ಲ, ಪೂರ್ತಿ ಒಡೆಯಬೇಕು, ಅದೂ ಮುಂದಿನ ಮಳೆಗೆ ಮೊದಲು ಎಂದ. ಆಮೇಲೆ ಕಬ್ಬಿಣದ ತೊಲೆ ನಿಲ್ಲಿಸಿ ಮಂಗಳೂರು ಹೆಂಚು ಹೊದಿಸಿ, ಈ ಮಳೆಗೆ ಅದೇ ಸರಿ ಎಂದು ಉಪದೇಶವನ್ನೂ ಕೊಟ್ಟ. ಎಸ್ಟಿಮೇಟಿನಲ್ಲಿ ಮೊದಲನೆಯ ಸಾಲೇ ಒಡೆಯುವ ಖರ್ಚು. ಆ ತಾರಸಿಯನ್ನು ಹಾಕಿಸುವಾಗ ಆದದ್ದಕ್ಕಿಂತ ಅದನ್ನು ಇಲ್ಲವಾಗಿಸುವುದಕ್ಕೇ ಹೆಚ್ಚು ಬೇಕಿತ್ತು. ಎಮ್ಮೆಗಳ ಮೇಲಿದ್ದಂಥದೇ ಹೆಂಚನ್ನು ಹೊಸದಾಗಿ ಕೊಳ್ಳುವ ಖರ್ಚು ಬೇರೆ.

ಆ ಹೊತ್ತಿಗೆ ಕಾಫಿಯ ಬೆಲೆ ನೆಲ ಕಚ್ಚಿ ಎಷ್ಟೋ ಕಾಲವಾಗಿತ್ತು. ಅಪ್ಪ ಒಂದು ದಿನ ಯೋಚನೆ ಮಾಡಿ, ಹಿತ್ತಲಿನ ಆರು ಸಿಲ್ವರ್ ಓಕ್ ಮರ ಮಾರುವುದೆಂದು ತೀರ್ಮಾನಿಸಿದರು. ಮರದ ವ್ಯಾಪಾರಿ ಬಂದು ತಬ್ಬಿ ನೋಡಿ ಮುಂಗಡ ಕೊಟ್ಟು ಹೋದ.

ಆ ಆರು ಮರಗಳು ಅಪ್ಪನವಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವುಗಳ ಮೇಲೆ ಹಬ್ಬಿದ್ದ ಮೆಣಸಿನ ಬಳ್ಳಿ ಅಮ್ಮನದು. ನಮ್ಮಲ್ಲಿ ತೋಟದ ಕಾಫಿ ಗಂಡಸರದು, ಹಿತ್ತಲಿನ ಮೆಣಸು ಹೆಂಗಸರದು. ಕೊಯ್ಯಿಸುವುದು, ಒಣಗಿಸುವುದು, ಬಣಕಲ್ಲಿನ ಅಂಗಡಿಗೆ ಹಾಕುವುದು ಎಲ್ಲ ಅವಳೇ; ಆ ದುಡ್ಡು ಏನಾಯಿತು ಎಂದು ಯಾರೂ ಕೇಳುವ ಕ್ರಮವಿಲ್ಲ. ಅಮ್ಮ ಕನ್ನಡಕ ಮಾಡಿಸಿಕೊಂಡದ್ದು, ಕಳಸದಲ್ಲಿದ್ದ ತನ್ನ ತಂಗಿಯ ಮನೆಗೆ ಬರಿಗೈಯಲ್ಲಿ ಹೋಗದೆ ಇದ್ದದ್ದು, ಅಪ್ಪನ ಹತ್ತಿರ ಹತ್ತು ರೂಪಾಯಿ ಕೇಳದೆ ಬದುಕಿದ್ದು ಆ ಆರು ಮರಗಳ ಆಸರೆಯಲ್ಲಿ.

ನನ್ನ ಬಳಿ ದುಡ್ಡಿತ್ತು. ಚಿಕ್ಕಮಗಳೂರಿನಲ್ಲಿ ಒಂದು ಸೈಟು ಕೊಳ್ಳಲು ಕೂಡಿಟ್ಟದ್ದು. ಅದನ್ನು ಕೊಡುವ ಬದಲು ನಾನು ಅಮ್ಮನ ಪರವಾಗಿ ವಕಾಲತ್ತು ವಹಿಸಿದೆ. ತಪ್ಪು ಮಾಡಿದವರೊಬ್ಬರು, ದಂಡ ತೆರುವವರು ಇನ್ನೊಬ್ಬರು, ಇದು ಯಾವ ನ್ಯಾಯ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಭಾಷಣ ಮಾಡಿದೆ. ತಾರಸಿ ಯಾರಿಗೆ ಬೇಕಿತ್ತೋ ಅವರು ತೋಟದ ಮೇಲೆ ಸಾಲ ತರಲಿ ಎಂದೆ. ಅಪ್ಪ ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

ಅಮ್ಮ ತರಕಾರಿ ಹೆಚ್ಚುತ್ತಾ ಹೇಳಿದಳು, "ತಾರಸಿ ಹಾಕ್ಸಿ ಅಂತ ಹೇಳಿದ್ದೇ ನೀನಲ್ವಾ ಮಾರಾಯ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಎಂ.ಎ. ಓದುವಾಗ ರಜೆಗೆ ಬಂದಿದ್ದೆನಂತೆ. ಕೆಳಗಿನ ಕಣಕ್ಕೆ ಮರದ ನೆರಳು, ಹನ್ನೊಂದರ ತನಕ ಬಿಸಿಲಿಲ್ಲ. ಮೇಲೆ ಎಂಟಕ್ಕೇ ಬಿಸಿಲು. ತಾರಸಿಯೂ ಆಯಿತು, ಇನ್ನೊಂದು ಕಣ ಕಟ್ಟುವ ಖರ್ಚೂ ಉಳಿಯಿತು ಎಂದು ಚಿತ್ರ ಬರೆದು ತೋರಿಸಿ ಒಂದು ವಾರ ಅಪ್ಪನ ತಲೆ ತಿಂದೆನಂತೆ. ಅಪ್ಪನಿಗೆ ಹೆಂಚು ಇಳಿಸುವ ಮನಸ್ಸೇ ಇರಲಿಲ್ಲವಂತೆ.

ಅಂಥ ಒಂದು ವಾರ ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಓದಿದವನು, ಆಧಾರ ಬೇಕಿತ್ತು. ಮಾರನೆಯ ದಿನ ಬೆಳಗ್ಗೆ ಬಸ್ಸು ಹಿಡಿದು ಬಾಳೂರಿಗೆ ಹೋದೆ.

ಮೇಸ್ತ್ರಿಗೆ ಮಂಡಿ ಹೋಗಿತ್ತು, ಜಗಲಿಯಲ್ಲಿ ಕಾಲು ನೀಡಿ ಕೂತಿದ್ದ. ನಾನು ಬಂದ ಕಾರಣ ಹೇಳುತ್ತಿದ್ದಂತೆ, ತಾನು ವಾಟ ಕೊಡುತ್ತೇನೆ ಎಂದಿದ್ದಾಗಿ ಹೇಳಿದ. ವಾಟ ಎಂದರೆ ನೀರು ಹರಿಯಲು ಕೊಡುವ ಇಳಿಜಾರು.

"ನೀವೇ ಬೇಡ ಅಂದ್ರಿ ಸಾರ್. ವಾಟ ಕೊಟ್ರೆ ಬೀಜ ಎಲ್ಲ ಒಂದೇ ಕಡೆ ಜಾರುತ್ತೆ, ಸಮ ಇರ್ಲಿ ಅಂದ್ರಿ. ಅಯ್ಯೋರು ಪಕ್ಕದಲ್ಲೇ ಇದ್ರು. ನನ್ನ ಮುಖ ನೋಡಿ, ಅವನು ಓದಿದವನು, ಅವನು ಹೇಳಿದ ಹಾಗೆ ಮಾಡು ಅಂದ್ರು."

ಅವನ ಮಾತನ್ನೂ ನಾನು ಅನುಮಾನಿಸಿದೆ. ನಮ್ಮದಾದ ಮೇಲೆ ಅವನು ಹಾಕಿದ ತಾರಸಿಗಳಲ್ಲಿ ಹಾಗೆ ಸೋರಿದ್ದು ನಮ್ಮದೊಂದೇ ಇರಲಾರದು. ಬಂದವರಿಗೆಲ್ಲ ಅವನು ಇದನ್ನೇ ಹೇಳುತ್ತಿರಬಹುದು. ತಿರುಗಿ ಬರುವ ಬಸ್ಸಿನಲ್ಲಿ ಮಾತ್ರ, ಕೈಯಲ್ಲೊಂದು ಕೋಲು ಹಿಡಿದು ಬಿಸಿಲು ಬೀಳುವ ದಿಕ್ಕು ತೋರಿಸುತ್ತಿರುವ ನನ್ನದೇ ಚಿತ್ರ ಕಣ್ಣ ಮುಂದೆ ಬರತೊಡಗಿತು. ಇದು ನೆನಪೋ, ಅವರಿಬ್ಬರ ಮಾತು ಕೇಳಿದ ಮೇಲೆ ಕಟ್ಟಿಕೊಂಡದ್ದೋ, ಇವತ್ತಿಗೂ ಹೇಳಲಾರೆ. ಒಂದು ಮಾತ್ರ ನಿಜ: ಆ ಹುಡುಗನ ದನಿ ನನ್ನದೇ, ಬೇರೆಯವರ ಹಣದಲ್ಲಿ ಬುದ್ಧಿ ಹೇಳುವ ದನಿ.

ಮನೆ ತಲುಪಿದಾಗ ಹಿತ್ತಲಿನಲ್ಲಿ ಬೆಳಕು ಹೆಚ್ಚಾಗಿತ್ತು. ಎರಡು ಮರ ಉರುಳಿದ್ದವು. ವ್ಯಾಪಾರಿ ಹೇಳಿದ್ದಕ್ಕಿಂತ ಮೊದಲೇ ಆಳುಗಳನ್ನು ಕಳಿಸಿದ್ದನಂತೆ. ಮೂರನೆಯದಕ್ಕೆ ಹಗ್ಗ ಕಟ್ಟುತ್ತಿದ್ದರು. ನಾನು ಓಡಿ ನಿಲ್ಲಿಸಿದೆ, ಒಂದು ದಿನದ ಕೂಲಿ ಕೊಟ್ಟು ಕಳಿಸಿದೆ. ಅಪ್ಪನ ಬಳಿಗೆ ಹೋಗಿ, ಖರ್ಚು ನಾನು ಕೊಡುತ್ತೇನೆ, ಮುಂಗಡ ವಾಪಸು ಮಾಡಿ ಎಂದೆ. ಸರಿ ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹಾಕ್ಸಿದ್ದು ನಾನು," ಅಂದರು.

ಅಮ್ಮ ಹಿತ್ತಲಿನಲ್ಲಿ, ಬಿದ್ದ ಮರದ ಪಕ್ಕ ಕೂತು ಬಳ್ಳಿ ಬಿಡಿಸುತ್ತಿದ್ದಳು. ನೆಲದ ಹತ್ತಿರದ ಗಟ್ಟಿ ಬಳ್ಳಿಯನ್ನು ಆರಿಸಿ, ಗೇಣುದ್ದಕ್ಕೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದಳು. ಮೊದಲ ಮಳೆ ಬಿದ್ದಾಗ ಬೇರೆ ಮರದ ಬುಡಕ್ಕೆ ನೆಡುವುದಕ್ಕೆ.

"ಮೇಸ್ತ್ರಿ ಏನಂದ?"

"ನಾನೇ ಹೇಳಿದ್ದಂತೆ."

"ಅಷ್ಟು ಕೇಳೋಕೆ ಇಡೀ ದಿನ ಬೇಕಾಯ್ತಾ?"

ನೆಟ್ಟರೆ ಫಸಲು ಯಾವಾಗ ಬರುತ್ತದೆ ಎಂದು ಕೇಳಿದೆ. ಬದುಕಿಕೊಂಡರೆ ನಾಲ್ಕು ವರ್ಷಕ್ಕೆ ಅಂದಳು. ಗೋಣಿ ಒಣಗುತ್ತಿದೆ, ಬಾವಿಯಿಂದ ಒಂದು ಕೊಡ ನೀರು ತಾ ಅಂದಳು. ತಂದುಕೊಟ್ಟೆ.